ಕಲ್ಲುಬೆಟ್ಟಗಳನ್ನು ಚಿತ್ರಿಸಿದ ಸೇನೆಯ ಕಲಾವಿದರು

ಹುಲಿಕುಂಟೆಯ ಸುತ್ತಣ ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ ಸೀಮೆಯ ಜನರಿಗೆ ಬಯಲಿನಿಂದ ಒಮ್ಮೆಲೇ ಮೇಲೇಳುವ ಕಲ್ಲುಬೆಟ್ಟವೂ ಅದರ ನೆತ್ತಿಯ ಕೋಟೆಯೂ ಹುಟ್ಟಿದಂದಿನಿಂದ ಕಂಡ ನೋಟ; ಆದರೆ ಮೂರನೆಯ ಮೈಸೂರು ಯುದ್ಧದ (1790–92) ಕಾಲದಲ್ಲಿ ಇಂಥದೇ ನೆಲಕ್ಕೆ ಬಂದಿಳಿದ ಬ್ರಿಟಿಷ್ ಚಿತ್ರಕಾರರು ಕಲಿತು ಬಂದ ಚಿತ್ರವಿದ್ಯೆಯಲ್ಲಿ ಇಷ್ಟು ಬೋಳಾದ, ಇಷ್ಟು ಕಡಿದಾದ ಬಂಡೆಗೆ ಸಿದ್ಧ ಮಾದರಿಯೇ ಇರಲಿಲ್ಲ.

ಬ್ರಿಟಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸನ ಸೈನ್ಯದೊಡನೆ ಬಂದ ವೃತ್ತಿನಿರತ ಚಿತ್ರಕಾರ ರಾಬರ್ಟ್ ಹೋಮ್, ಭೂಮಾಪನದ ಕೆಲಸದಲ್ಲಿದ್ದ ರಾಬರ್ಟ್ ಕೋಲ್‌ಬ್ರೂಕ್, ಸೇನಾಧಿಕಾರಿ ಅಲೆಕ್ಸಾಂಡರ್ ಅಲನ್ ಇವರ ಮೈಸೂರು ಸೀಮೆಯ ನೋಟಗಳು 1794ರ ಆಸುಪಾಸಿನಲ್ಲಿ ಅಚ್ಚಾದವು. 1791ರ ಡಿಸೆಂಬರಿನಲ್ಲಿ ಬ್ರಿಟಿಷರ ವಶವಾದ ಸಾವನದುರ್ಗವು ಅವುಗಳಲ್ಲಿ ಎದ್ದು ಕಾಣುತ್ತದೆ. ಕೋಲ್‌ಬ್ರೂಕನ ಚಿತ್ರಗಳು ಅಕ್ವಾಟಿಂಟ್ ಎಂಬ ವಿಧಾನದವು: ತಾಮ್ರದ ತಗಡಿನ ಮೇಲೆ ರಾಳದ ಪುಡಿ ಉದುರಿಸಿ, ಕಾಯಿಸಿ ಅಂಟಿಸಿ, ಆಮ್ಲದಲ್ಲಿ ಅದ್ದಿದರೆ ಕಣಗಳ ನಡುವಿನ ತಾಮ್ರವಷ್ಟೇ ಸವೆದು, ಶಾಯಿ ಹಿಡಿಯುವ ತರಿಮೈ ಉಂಟಾಗುತ್ತದೆ, ಅಚ್ಚಿನಲ್ಲಿ ಗೆರೆಗಳ ಬದಲು ನೆರಳಿನ ಹಂತಗಳು ಮೂಡುತ್ತವೆ. ಮಳೆನೀರು ಹರಿದು ಕಪ್ಪು ಪಟ್ಟೆ ಬಿದ್ದ ಬಂಡೆಯ ಮೈಯನ್ನು ತೋರಿಸಲು ಇದಕ್ಕಿಂತ ಒಗ್ಗುವ ವಿಧಾನ ಆ ಕಾಲದ ಮುದ್ರಣದಲ್ಲಿ ಸಿಗುವುದು ಕಷ್ಟ.

ತಂತ್ರ ಒಗ್ಗಿದಷ್ಟು ಚಿತ್ರದ ಜೋಡಣೆ ಒಗ್ಗಲಿಲ್ಲ. ಅಂಚಿನಲ್ಲೊಂದು ಕಪ್ಪು ಮರ, ಮುಂದೆ ಪುಟ್ಟ ಮನುಷ್ಯರು, ದೂರದಲ್ಲಿ ಮಸುಕು ಬೆಟ್ಟ ಎಂಬ ಇಂಗ್ಲೆಂಡಿನ ರೂಢಿಯನ್ನೇ ಅವರು ಇಲ್ಲಿಗೂ ತಂದರು. ಕೋಟೆಗೋಡೆ ಮತ್ತು ಏರುದಾರಿಗಳ ಮೇಲೆ ನೆಟ್ಟ ಕಣ್ಣಿಗೆ, ಬೆಟ್ಟದ ಬುಡದ ಕೆರೆ, ರಾಗಿಹೊಲ, ಕುರಿಹಟ್ಟಿಗಳು ಮುಖ್ಯವೆನಿಸಲಿಲ್ಲ. ಆಳ್ವಿಕೆಯ ಕಾವಲುಗಣ್ಣು ಕಲಾವಿದನನ್ನು ಜೊತೆಗೊಯ್ದದ್ದು ಇಲ್ಲಿ ಮಾತ್ರವಲ್ಲ: 1793ರಲ್ಲಿ ಜಪಾನಿನ ಆಡಳಿತದ ಹಿರಿಯ ಮತ್ಸುದೈರ ಸದನೊಬು ವಿದೇಶಿ ಹಡಗುಗಳ ಆತಂಕದಿಂದ ಕರಾವಳಿ ತಪಾಸಣೆಗೆ ಹೊರಟಾಗ, ಜೊತೆಗಿದ್ದ ಚಿತ್ರಕಾರ ತನಿ ಬುಂಚೊ ಪಾಶ್ಚಾತ್ಯ ರೀತಿಯ ದೂರ–ಸಮೀಪದ ಲೆಕ್ಕವನ್ನೂ ನೆರಳನ್ನೂ ಬಳಸಿ ಆ ತೀರವನ್ನು ಬರೆದನು.

ಟಿಪ್ಪುವಿನ ಪತನದ ನಂತರ ಬ್ರಿಟಿಷ್ ಸೇನಾಧಿಕಾರಿ ಕಾಲಿನ್ ಮೆಕೆಂಝಿ ಕೈಗೊಂಡ ಮೈಸೂರು ಮೋಜಣಿಯಲ್ಲಿ ನೋಟ ಬದಲಾಯಿತು. ಹಳ್ಳಿಗಳೂ ಕೆರೆಗಳೂ ದಾಖಲೆಗೆ ಬಂದವು, ಕಾವಲಿ ಬೊರಯ್ಯ, ಲಕ್ಷ್ಮಯ್ಯರಂಥ ಸಹಾಯಕರು ಸ್ಥಳದ ಕೈಫಿಯತ್ತು, ಅಂದರೆ ಊರಿನ ಪೂರ್ವೋತ್ತರದ ಬರಹಗಳನ್ನು ಕೂಡಿಹಾಕಿದರು. ಆ ಸಂಗ್ರಹದ ಚಿತ್ರಗಳಲ್ಲಿ ಹೆಚ್ಚಿನವು ಇಂದು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ. ಅವುಗಳ ಒಳ್ಳೆಯ ಪ್ರತಿಗಳು ಮಧುಗಿರಿ, ಶಿರಾಗಳ ಶಾಲೆಗಳಿಗೆ ಬರಬೇಕು. ಯಾವ ಚಿತ್ರಕಾರ ಕಲ್ಲುಬೆಟ್ಟವನ್ನು ಸರಿಯಾಗಿ ಕಂಡಿದ್ದಾನೆ ಎಂದು ಹೇಳಬಲ್ಲವರು ಅದರ ಬುಡದಲ್ಲೇ ಬೆಳೆಯುವ ಮಕ್ಕಳು.