ಹೊಗೆ ತಗುಲಿದ ಎಲೆ: ಗಂಧಕದ ಡೈಆಕ್ಸೈಡ್ ಮತ್ತು ನಮ್ಮ ಬೆಳೆಗಳು

ಒಮ್ಮೆ ಕಲ್ಲಿದ್ದಲು ಉರಿಸುವ ವಿದ್ಯುತ್ ಸ್ಥಾವರವೊಂದರ ಸಮೀಪದ ಹಳ್ಳಿಯಿಂದ ರೈತರೊಬ್ಬರು ಹತ್ತಿಯ ನಾಲ್ಕಾರು ಎಲೆಗಳನ್ನು ಹಿಡಿದು ನಮ್ಮ ವಿಭಾಗಕ್ಕೆ ಬಂದಿದ್ದರು. ಎಲೆಯ ನರಗಳು ಹಸಿರಾಗಿಯೇ ಇದ್ದವು. ನರಗಳ ನಡುವಿನ ಭಾಗ ಮಾತ್ರ ಒಣಗಿ ದಂತದ ಬಣ್ಣಕ್ಕೆ ತಿರುಗಿತ್ತು. ಜಿಗಿಹುಳುವಿನ ಬಾಧೆ ಇರಬೇಕೆಂದು ನಾನು ಔಷಧಿ ಬರೆದುಕೊಟ್ಟೆ. "ಸಾಹೇಬರ, ಬದುವಿನ ಕಸಕ್ಕೂ ಹಿಂಗ ಆಗೈತಲ್ರೀ, ಅದಕ್ಕೂ ಜಿಗಿಹುಳಾನ ಏನ್ರೀ?" ಎಂದು ಅವರು ಕೇಳಿದಾಗ ನನ್ನ ತಪ್ಪು ತಿಳಿಯಿತು.

ಕಲ್ಲಿದ್ದಲಿನಲ್ಲಿ ಗಂಧಕವಿರುತ್ತದೆ. ಶೇಕಡ 0.5 ಗಂಧಕವಿರುವ 1000 ಟನ್ ಕಲ್ಲಿದ್ದಲು ಉರಿದರೆ ಹೆಚ್ಚುಕಡಿಮೆ 10 ಟನ್ ಗಂಧಕದ ಡೈಆಕ್ಸೈಡ್ ಅನಿಲ ಹೊರಬೀಳುತ್ತದೆ. ಇದು ಪತ್ರರಂಧ್ರಗಳ ಮೂಲಕ ಎಲೆಯೊಳಗೆ ಸೇರುತ್ತದೆ. ಸ್ವಲ್ಪ ಪ್ರಮಾಣದಲ್ಲಿದ್ದರೆ ಸಸ್ಯ ಅದನ್ನು ಪೋಷಕಾಂಶವಾಗಿಯೇ ಬಳಸಿಕೊಳ್ಳುತ್ತದೆ ಎಂಬುದನ್ನೂ ಹೇಳಬೇಕು. ಪ್ರಮಾಣ ಮೀರಿದರೆ ಜೀವಕೋಶಗಳು ಸಾಯುತ್ತವೆ. ಪತ್ರರಂಧ್ರಗಳು ತೆರೆದಿರುವ, ತೇವವಿರುವ ಬೆಳಗಿನ ಹೊತ್ತಿನಲ್ಲಿ ಹಾನಿ ಹೆಚ್ಚು. ಲೂಸರ್ನ್, ಹತ್ತಿ, ಮೂಲಂಗಿ, ಹುರುಳಿಕಾಯಿ ಮತ್ತು ಕುಂಬಳದ ಜಾತಿಯ ಬೆಳೆಗಳು ಬೇಗ ತುತ್ತಾಗುತ್ತವೆ. ಮೆಕ್ಕೆಜೋಳ ಮತ್ತು ನಿಂಬೆ ಜಾತಿಯವು ಸಾಕಷ್ಟು ತಡೆದುಕೊಳ್ಳುತ್ತವೆ.

ನಮ್ಮ ದೇಶದಲ್ಲಿ 2009ರಲ್ಲಿ ಪ್ರಕಟವಾದ ಗಾಳಿಯ ಗುಣಮಟ್ಟದ ಪ್ರಕಾರ, ಒಂದು ಘನ ಮೀಟರ್ ಗಾಳಿಯಲ್ಲಿ ಈ ಅನಿಲದ 24 ಗಂಟೆಗಳ ಸರಾಸರಿ 80 ಮೈಕ್ರೋಗ್ರಾಂ, ವರ್ಷದ ಸರಾಸರಿ 50 ಮೈಕ್ರೋಗ್ರಾಂ ಮೀರಬಾರದು. ಪರಿಸರ ಸೂಕ್ಷ್ಮ ಪ್ರದೇಶಗಳಲ್ಲಿ ವರ್ಷದ ಮಿತಿ 20. ಇದನ್ನು ಕಾಯುವ ಹೊಣೆ 1981ರ ವಾಯು ಕಾಯಿದೆಯಂತೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯದು. ಆದರೆ ಸರಾಸರಿಯ ಲೆಕ್ಕದಲ್ಲಿ ಒಂದು ತೊಡಕಿದೆ. 22 ಗಂಟೆಗಳ ಕಾಲ ಗಾಳಿಯಲ್ಲಿ 20 ಮೈಕ್ರೋಗ್ರಾಂ ಇದ್ದು, ಹೊಗೆ ನೆಲಕ್ಕಿಳಿದ ಎರಡು ಗಂಟೆ ಮಾತ್ರ 700 ಇತ್ತೆಂದುಕೊಳ್ಳಿ. ದಿನದ ಸರಾಸರಿ 77 ಬರುತ್ತದೆ. ಕಾಗದದ ಮೇಲೆ ಎಲ್ಲವೂ ಸರಿ. ಸೂಕ್ಷ್ಮ ಬೆಳೆಗೆ ಕಷ್ಟ ಕೊಡುವುದು ಆ ಎರಡು ಗಂಟೆಗಳೇ. ಅಳತೆಯ ಯಂತ್ರವೂ ಪ್ರತಿ ಹೊಲದಲ್ಲಿ ಇರುವುದಿಲ್ಲ.

ಸ್ಥಾವರಗಳ ಚಿಮಣಿಯಿಂದ ಹೊರಬರುವ ಅನಿಲಕ್ಕೆ 2015ರ ಡಿಸೆಂಬರಿನಲ್ಲಿ ಪ್ರತ್ಯೇಕ ಮಿತಿ ವಿಧಿಸಲಾಯಿತು. ಗಡುವು ಹಲವು ಬಾರಿ ಮುಂದಕ್ಕೆ ಹೋಯಿತು. 2025ರ ಜುಲೈನಲ್ಲಿ, ದೊಡ್ಡ ನಗರಗಳಿಂದ ಮತ್ತು ಈಗಾಗಲೇ ಗಾಳಿ ಕೆಟ್ಟಿರುವ ಪ್ರದೇಶಗಳಿಂದ ದೂರವಿರುವ ಬಹುಪಾಲು ಸ್ಥಾವರಗಳಿಗೆ, ಚಿಮಣಿ ನಿಗದಿತ ಎತ್ತರವಿದ್ದರೆ, ಈ ಅನಿಲದ ಮಿತಿಯಿಂದ ವಿನಾಯಿತಿ ದೊರೆಯಿತು. ಅವು ದೂರವಿರುವುದು ನಗರದಿಂದ, ಹೊಲದಿಂದಲ್ಲ. ಗಾಳಿಯ ಗುಣಮಟ್ಟದ ಮಿತಿ ಮಾತ್ರ ಹಾಗೆಯೇ ಉಳಿದಿದೆ. ಆದ್ದರಿಂದ ಮಂಡಳಿಯ ಕಣ್ಣಿಗೆ ಬೀಳದ್ದನ್ನು ತೋರಿಸಿಕೊಡುವ ಕೆಲಸ ಈಗ ಹಳ್ಳಿಯಿಂದಲೇ ಆಗಬೇಕಾಗಿದೆ.

ಇದಕ್ಕೆ ಮೊದಲು ರೋಗನಿರ್ಣಯ ಸರಿಯಾಗಿರಬೇಕು. ಮೆಗ್ನೀಸಿಯಂ ಕೊರತೆಯಾದರೆ ಕೆಳಗಿನ ಹಳೆಯ ಎಲೆಗಳು ನಿಧಾನವಾಗಿ ಹಳದಿಯಾಗುತ್ತವೆ. ಕಬ್ಬಿಣದ ಕೊರತೆ ಎಳೆಯ ಎಲೆಗಳಲ್ಲಿ ಕಾಣುತ್ತದೆ. ಜಿಗಿಹುಳುವಾದರೆ ಎಲೆಯಂಚು ಮುದುಡಿ ಕೆಂಪಾಗುತ್ತದೆ, ಎಲೆಯ ಕೆಳಗೆ ಹುಳುಗಳೂ ಸಿಗುತ್ತವೆ. ಅನಿಲದ ಹಾನಿ ಒಂದೆರಡು ದಿನದೊಳಗೆ ಹಠಾತ್ತನೆ, ಎಲೆಯ ಎರಡೂ ಬದಿಗೆ, ಪೂರ್ಣ ಬಲಿತ ಎಲೆಗಳಲ್ಲಿ ಕಂಡುಬರುತ್ತದೆ. ಬೆಳೆ, ಕಳೆ, ಬೇಲಿಯ ಗಿಡ ಎಂಬ ಭೇದವಿಲ್ಲದೆ ಗಾಳಿ ಬೀಸಿದ ದಿಕ್ಕಿನುದ್ದಕ್ಕೂ ಇರುತ್ತದೆ.

ಕಂಡ ದಿನವೇ ದಿನಾಂಕ, ಹೊತ್ತು, ಗಾಳಿಯ ದಿಕ್ಕು, ಬೆಳೆ ಮತ್ತು ವಾಸನೆ ಬರೆದಿಡಿ. ಕೆಟ್ಟ ಎಲೆಗಳ ಜೊತೆಗೆ ಗಾಳಿಯ ಇನ್ನೊಂದು ಬದಿಯ ಒಳ್ಳೆಯ ಎಲೆಗಳನ್ನೂ ಪತ್ರಿಕೆಯ ಹಾಳೆಗಳ ನಡುವೆ ಒತ್ತಿಡಿ. ಎರಡರಲ್ಲಿರುವ ಗಂಧಕವನ್ನು ಪ್ರಯೋಗಾಲಯದಲ್ಲಿ ಹೋಲಿಸಬಹುದು. ಬೂದಿರೋಗಕ್ಕೆ ಗಂಧಕ ಸಿಂಪಡಿಸಿದ ಹೊಲದ ಎಲೆ ಮಾತ್ರ ಬೇಡ. ಅದು ಇಡೀ ಪರೀಕ್ಷೆಯನ್ನೇ ಹಾದಿ ತಪ್ಪಿಸುತ್ತದೆ. ವಿಸ್ತರಣಾ ಕಾರ್ಯಕರ್ತರು ಐದಾರು ಹೊಲಗಳ ವಿವರವನ್ನು ಒಟ್ಟಿಗೆ ಸೇರಿಸಿ ಮಂಡಳಿಯ ಪ್ರಾದೇಶಿಕ ಕಚೇರಿಗೆ ಕೊಟ್ಟು, ಆ ದಿನದ ಗಂಟೆವಾರು ಅಳತೆಯನ್ನು ಕೇಳಬೇಕು, ಸರಾಸರಿಯನ್ನಲ್ಲ.

ಇಂಥ ದಾಖಲೆಯಿಂದ ಏನಾದೀತು ಎಂದು ಕೇಳುವವರುಂಟು. ಕೆನಡಾದ ಟ್ರೇಲ್ ಎಂಬ ಊರಿನ ಲೋಹ ಕರಗಿಸುವ ಕಾರ್ಖಾನೆಯ ಹೊಗೆ ಗಡಿ ದಾಟಿ ಅಮೆರಿಕದ ರೈತರ ಬೆಳೆ ಸುಟ್ಟಿತ್ತು. ವಿಜ್ಞಾನಿಗಳು ಹೊಲಗಳಲ್ಲೇ ತಪಾಸಣೆ ನಡೆಸಿದರು. 1941ರಲ್ಲಿ ಪಂಚಾಯ್ತಿ ನ್ಯಾಯಮಂಡಳಿ, ಬೆಳೆಗಾಲಕ್ಕೆ ಒಂದು, ಬೆಳೆಯಿಲ್ಲದ ಕಾಲಕ್ಕೆ ಇನ್ನೊಂದು ಎಂದು, ಗಾಳಿಯ ಸ್ಥಿತಿಯನ್ನೂ ನೋಡಿ ಹೊಗೆಗೆ ಮಿತಿ ಹಾಕಿತು. ಅಷ್ಟರಲ್ಲಿ ಕಾರ್ಖಾನೆ ಅದೇ ಅನಿಲವನ್ನು ಹಿಡಿದು ಅಮೋನಿಯಂ ಸಲ್ಫೇಟ್ ಗೊಬ್ಬರ ಮಾಡತೊಡಗಿತ್ತು.

ವಿದ್ಯುತ್ ಸ್ಥಾವರಗಳಲ್ಲಿಯೂ ಸುಣ್ಣಕಲ್ಲಿನ ನೀರಿನಿಂದ ಹೊಗೆಯನ್ನು ತೊಳೆಯುವ ವಿಧಾನವಿದೆ. ಹಿಡಿದ ಒಂದು ಟನ್ ಅನಿಲಕ್ಕೆ ಸುಮಾರು 2.7 ಟನ್ ಜಿಪ್ಸಂ ದೊರೆಯುತ್ತದೆ. ನೆಲಗಡಲೆಗೆ ಹೂ ಬಿಡುವಾಗ ಹೆಕ್ಟೇರಿಗೆ 500 ಕಿಲೋ ಕೊಡುವುದೂ, ಕ್ಷಾರ ಭೂಮಿ ಸುಧಾರಣೆಗೆ ಹಾಕುವುದೂ ಇದೇ ಜಿಪ್ಸಂ. ಭಾರ ಲೋಹಗಳ ಪರೀಕ್ಷೆಯಾಗದ ಮಾಲನ್ನು ಮಾತ್ರ ಯಾರೂ ಹೊಲಕ್ಕೆ ತರಬಾರದು.