ಗೂಡಿನಿಂದ ಎಳೆ ಬಿಡಿಸುವವರು

ರಾಮನಗರ, ಶಿಡ್ಲಘಟ್ಟದ ಕೆಲವು ಓಣಿಗಳಿಗೆ ಕಾಲಿಟ್ಟರೆ ಬೆಂದ ಗೂಡಿನ ವಾಸನೆ ಮೂಗಿಗೆ ಬಡಿಯುತ್ತದೆ. ಒಳಗೆ ನಡೆಯುತ್ತಿರುವುದು ರೇಷ್ಮೆ ನೂಲು ಬಿಚ್ಚಾಣಿಕೆ. ಸೀರೆ ಚೆನ್ನಾಗಿದ್ದರೆ ನೇಕಾರರನ್ನು ಹೊಗಳುತ್ತೇವೆ, ಬೆಳೆ ಚೆನ್ನಾಗಿ ಬಂದರೆ ರೈತರನ್ನು. ನಡುವಿನ ಬಿಚ್ಚಾಣಿಕೆದಾರರನ್ನು ಕೇಳುವವರೇ ಇಲ್ಲ. ನೂಲು ಒಂದೇ ಸಮ ಬರುವುದೋ ಗಂಟು ಗಂಟಾಗುವುದೋ ಎಂಬುದು ತೀರ್ಮಾನವಾಗುವುದು ಮಾತ್ರ ಇವರ ಕೈಯಲ್ಲಿ.

ಹುಳು ತಲೆಯಾಡಿಸುತ್ತ ಎರಡು ಮೂರು ದಿನ ಒಂದೇ ಎಳೆಯನ್ನು ತನ್ನ ಸುತ್ತ ಸುತ್ತಿಕೊಳ್ಳುತ್ತದೆ. ಒಳ್ಳೆಯ ದ್ವಿತಳಿ (ವರ್ಷಕ್ಕೆ ಎರಡು ಪೀಳಿಗೆಯ ತಳಿ) ಗೂಡಿನಲ್ಲಿ ಈ ಎಳೆ 1,000 ಮೀಟರ್ ದಾಟುವುದುಂಟು. ಹುಳು ಚಿಟ್ಟೆಯಾಗಿ ಗೂಡನ್ನು ತೂತು ಮಾಡಿಕೊಂಡು ಹೊರಬಂದರೆ ಅಖಂಡ ಎಳೆ ಸಿಗುವುದಿಲ್ಲ. ಅದಕ್ಕೇ ಮೊದಲೇ ಬಿಸಿ ಕೊಟ್ಟು ಹುಳುವನ್ನು ಕೊಲ್ಲುತ್ತಾರೆ. ರೇಷ್ಮೆ ಉಡುವವರು ಇದನ್ನು ತಿಳಿದೇ ಉಡಬೇಕು.

ಸುತ್ತುಗಳನ್ನು ಹಿಡಿದಿಟ್ಟಿರುವ ಸೆರಿಸಿನ್ ಎಂಬ ಅಂಟು ಕುದಿನೀರಿನಲ್ಲಿ ಮೆದುವಾಗುತ್ತದೆ. ಬೆಂದ ಗೂಡುಗಳ ಮೇಲೆ ಬ್ರಷ್ ಆಡಿಸಿದರೆ ಮೊದಲು ಬರುವುದು ಸಿಕ್ಕುಸಿಕ್ಕಾದ ಹೊರಪದರ. ಅದನ್ನು ಎಳೆದು ತೆಗೆದ ಮೇಲೇ ಒಂದೊಂದು ಗೂಡಿನಿಂದ ಒಂದೊಂದು ಶುದ್ಧ ಎಳೆ ಬಿಚ್ಚಿಕೊಳ್ಳುತ್ತದೆ. ಜೇಡನ ಎಳೆಯಷ್ಟು ಸಣ್ಣದು, ಬೆಳಕು ಬಿದ್ದರಷ್ಟೇ ಕಂಡೀತು. 20–22 ಡೆನಿಯರ್ ನೂಲಿಗೆ, ಎಂದರೆ 9,000 ಮೀಟರಿಗೆ ಇಪ್ಪತ್ತು ಇಪ್ಪತ್ತೆರಡು ಗ್ರಾಂ ತೂಗುವ ನೂಲಿಗೆ, ಏಳೆಂಟು ಗೂಡಿನ ಎಳೆಗಳು ಕೂಡಬೇಕು.

ಬರೀ ಎಣಿಸಿ ಕೂಡಿಸಿದರೆ ಸಾಲದು. ಗೂಡಿನ ಒಳಕ್ಕೆ ಹೋದಂತೆ ಎಳೆ ತೆಳುವಾಗುತ್ತದೆ. ಎಲ್ಲವೂ ಮುಗಿಯುತ್ತ ಬಂದ ಗೂಡುಗಳೇ ಆದರೆ ನೂಲು ಸೊರಗುತ್ತದೆ. ಹೊಸತು, ಅರ್ಧ ಬಿಚ್ಚಿದ್ದು, ಒಳಗಿನ ಹುಳು ಕಾಣುವಷ್ಟು ತೆಳ್ಳಗಾದದ್ದು ಬೆರೆತಿರಬೇಕು. ನೀರಿನಲ್ಲಿ ಕುಣಿಯುವ ಗೂಡುಗಳಲ್ಲಿ ಒಂದು ನಿಂತಿತೆಂದರೆ ಅದರ ಎಳೆ ಕಡಿಯಿತು ಇಲ್ಲವೇ ಮುಗಿಯಿತು ಎಂದೇ ಅರ್ಥ. ಕೂಡಲೇ ಬೇರೊಂದು ಗೂಡಿನ ಎಳೆಯ ತುದಿಯನ್ನು ಓಡುತ್ತಿರುವ ನೂಲಿಗೆ ಒಗೆಯಬೇಕು. ಒದ್ದೆ ಅಂಟೇ ಅದನ್ನು ಹಿಡಿದುಕೊಳ್ಳುತ್ತದೆ, ಗಂಟು ಬೇಕಿಲ್ಲ. ಮಲ್ಟಿ ಎಂಡ್ ಯಂತ್ರದಲ್ಲಿ ಒಂದೇ ಬೇಸಿನ್ನಿಗೆ ಇಂಥ ಹತ್ತು ನೂಲು. ಸ್ವಯಂಚಾಲಿತ ಯಂತ್ರ ನೂಲು ತೆಳುವಾದದ್ದನ್ನು ತಾನೇ ಅರಿತು ಹೊಸ ಗೂಡು ಕೊಡುತ್ತದೆ. ಚರಕ, ಕಾಟೇಜ್ ಬೇಸಿನ್ನುಗಳಲ್ಲಿ ಆ ಅರಿವು ಇರುವುದು ಬೆರಳಲ್ಲಿ. ದಿನವಿಡೀ ಬಿಸಿನೀರಿನಲ್ಲಿ ಮುಳುಗಿ ಬೆಳ್ಳಗೆ ಸುಕ್ಕುಗಟ್ಟಿದ ಆ ಬೆರಳುಗಳಿಗೆ ಸಿಗುವ ಕೂಲಿ ಆ ಕೌಶಲಕ್ಕೆ ತಕ್ಕದ್ದಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಸಣ್ಣ ರಾಟೆಯ ಮೇಲಿನ ನೂಲನ್ನು ಆಮೇಲೆ ಒಂದೂವರೆ ಮೀಟರ್ ಸುತ್ತಳತೆಯ ರಾಟೆಗೆ ಮತ್ತೆ ಸುತ್ತಿ, ಒಣಗಿಸಿ, ಲಡಿ ಕಟ್ಟುತ್ತಾರೆ. ಹೊರಪದರದ ಸಿಕ್ಕೂ ವ್ಯರ್ಥವಲ್ಲ, ಅದನ್ನು ನೂತು ಸ್ಪನ್ ಸಿಲ್ಕ್ ಮಾಡುತ್ತಾರೆ. ಉಳಿದ ಹುಳುವಿನಿಂದ ಎಣ್ಣೆ ತೆಗೆಯುತ್ತಾರೆ, ಕೋಳಿ ಮೀನುಗಳ ಮೇವಿಗೂ ಅದು ಹೋಗುತ್ತದೆ.