ರಗ್ಬಿ ರೆಫರಿಗೆ ಬಡ್ತಿ: ಊದದ ಸೀಟಿಗೂ ಅಂಕ

2007ರ ಅಕ್ಟೋಬರ್ 6ರಂದು ಕಾರ್ಡಿಫ್‌ನಲ್ಲಿ ನಡೆದ ವಿಶ್ವಕಪ್ ರಗ್ಬಿ ಕ್ವಾರ್ಟರ್ ಫೈನಲ್‌ನಲ್ಲಿ ನ್ಯೂಜಿಲೆಂಡ್ 18-20ರಿಂದ ಫ್ರಾನ್ಸ್‌ಗೆ ಶರಣಾಯಿತು. ಈ ಆಟದಲ್ಲಿ ಚೆಂಡನ್ನು ಕೈಯಿಂದ ಮುಂದಕ್ಕೆ ಎಸೆಯುವುದು ನಿಷಿದ್ಧ. ಫ್ರಾನ್ಸ್‌ನ ನಿರ್ಣಾಯಕ ಟ್ರೈಗೆ ಮುನ್ನ ನಡೆದದ್ದು ಅದೇ. ಇಂಗ್ಲೆಂಡಿನ ರೆಫರಿ ವೇಯ್ನ್ ಬಾರ್ನ್ಸ್ ಕಣ್ಣಿಗೆ ಅದು ಬೀಳಲಿಲ್ಲ. 28ರ ಹರೆಯದ ಅವರಿಗೆ ಕೊಲೆ ಬೆದರಿಕೆಗಳು ಬಂದವು. ಆದರೆ 16 ವರ್ಷಗಳ ಬಳಿಕ ವಿಶ್ವಕಪ್ ಫೈನಲ್‌ನ ಸೀಟಿಯೂ ಅವರ ಕೈಗೇ ಬಂತು. ಇಂಥ ಏರಿಕೆ ಹೇಗೆ ಸಾಧ್ಯ?

ಬಾರ್ನ್ಸ್ ಸೀಟಿ ಹಿಡಿದದ್ದು 15ನೇ ವಯಸ್ಸಿನಲ್ಲಿ. ಹೊಸಬರು ನಿಯಮಗಳ ತರಬೇತಿ ಮುಗಿಸಿ, ಇಂಗ್ಲೆಂಡಿನಲ್ಲಾದರೆ ಸ್ಥಳೀಯ ರೆಫರಿಗಳ ಸಂಘ ಸೇರುತ್ತಾರೆ. ಶಾಲಾ ಪಂದ್ಯ, ಕ್ಲಬ್‌ಗಳ ಕೆಳತಂಡಗಳ ಪಂದ್ಯಗಳೇ ಮೊದಲ ಪಾಠಶಾಲೆ. 30 ಆಟಗಾರರ ನಡುವೆ ರೆಫರಿ ಒಬ್ಬಂಟಿ. ಮರುಪ್ರಸಾರ ನೋಡಿ ತೀರ್ಪು ಹೇಳುವ ಸೌಲಭ್ಯ ಅಲ್ಲಿಲ್ಲ.

ನಿಜವಾದ ಪರೀಕ್ಷೆ ಟ್ಯಾಕಲ್ ಆದ ಕ್ಷಣದಲ್ಲಿ. ಕೆಡವಿದವನು ಎದುರಾಳಿಯನ್ನು ಬಿಟ್ಟು ಪಕ್ಕಕ್ಕೆ ಸರಿಯಬೇಕು, ಬಿದ್ದವನು ಚೆಂಡು ಬಿಡಬೇಕು, ಓಡಿ ಬಂದವರು ಕಾಲ ಮೇಲೆ ನಿಂತೇ ಚೆಂಡಿಗೆ ಹೋರಾಡಬೇಕು. ಇಷ್ಟೆಲ್ಲ ಎರಡು ಮೂರು ಸೆಕೆಂಡುಗಳಲ್ಲಿ! ಪ್ರತಿ ತಪ್ಪಿಗೂ ಸೀಟಿ ಊದಿದರೆ ಆಟವೇ ಸಾಗದು. ಕಂಡೂ ಕಾಣದಂತಿದ್ದರೆ ಆಟಗಾರರೇ ಮುಷ್ಟಿಯಿಂದ ನ್ಯಾಯ ತೀರಿಸಿಕೊಳ್ಳುತ್ತಾರೆ. ಯಾವ ತಪ್ಪಿನಿಂದ ಎದುರಾಳಿಗೆ ನಷ್ಟವಾಯಿತು ಎಂಬುದನ್ನು ತೂಗುವುದೇ ರೆಫರಿಯ ವಿದ್ಯೆ. ನಷ್ಟವಾದರೂ ಕೂಡಲೇ ಊದದೆ ‘ಅಡ್ವಾಂಟೇಜ್’ ನೀಡಿ ಆಟ ಮುಂದುವರಿಸಬಹುದು. ಅನನುಭವಿ ಚೆಂಡನ್ನೇ ದಿಟ್ಟಿಸುತ್ತಾನೆ. ಪಳಗಿದವನು ಚೆಂಡು ಸುರಕ್ಷಿತವೆಂದು ತಿಳಿದೊಡನೆ ತಲೆಯೆತ್ತಿ ರಕ್ಷಣಾ ಸಾಲಿನವರು ಆಫ್‌ಸೈಡ್ ಆಗಿದ್ದಾರೆಯೇ ಎಂದು ನೋಡುತ್ತಾನೆ. ‘ಕೈ ತೆಗೆ’, ‘ಹಿಂದೆ ಸರಿ’ ಎಂಬ ಸಕಾಲಿಕ ಎಚ್ಚರಿಕೆಯಿಂದಲೇ ಎಷ್ಟೋ ಪೆನಾಲ್ಟಿಗಳು ತಪ್ಪುತ್ತವೆ.

ಇದನ್ನೆಲ್ಲ ಗಡಿಗೆರೆಯಾಚೆ ನಿಂತು ಗಮನಿಸುವವರು ಇಬ್ಬಗೆ. ರೆಫರಿ ಕೋಚ್ ಪಂದ್ಯದ ಬಳಿಕ ತಿದ್ದಿ ಹೇಳುತ್ತಾರೆ. ಮೌಲ್ಯಮಾಪಕರು ವರದಿ ಬರೆಯುತ್ತಾರೆ. ಸ್ಕ್ರಮ್ ನಿರ್ವಹಣೆ, ನಿಲ್ಲುವ ಜಾಗ, ಆಟಗಾರರೊಡನೆ ಸಂವಹನ, ತೀರ್ಪುಗಳ ಏಕರೂಪತೆ ಎಲ್ಲವೂ ಅಲ್ಲಿ ದಾಖಲು. ಒಬ್ಬರ ಕಣ್ಣು ಮೋಸ ಹೋಗಬಹುದು. ಒಂದೇ ಪಂದ್ಯ ನೋಡಿ ಬಡ್ತಿ ನೀಡುವುದು ನ್ಯಾಯವಲ್ಲ. ಆದ್ದರಿಂದ ಹಲವು ವರದಿಗಳನ್ನು ಒಟ್ಟಿಗಿಟ್ಟು ತೂಗಲಾಗುತ್ತದೆ. ದೇಹದಾರ್ಢ್ಯವೂ ಬೇಕು: ಬ್ರಾಂಕೋ ಎಂಬ ಪರೀಕ್ಷೆಯಲ್ಲಿ 20, 40, 60 ಮೀಟರ್ ಹೋಗಿಬರುವ ಓಟವನ್ನು ಐದು ಬಾರಿ, ಒಟ್ಟು 1,200 ಮೀಟರ್, ಬಿಡುವಿಲ್ಲದೆ ಮುಗಿಸಬೇಕು. ಮೇಲೇರಿದಂತೆ ಸ್ಥಾನಗಳು ಕಡಿಮೆ. ಅರ್ಹತೆಯಿದ್ದೂ ಕಾಯುವವರು, ಹಿಂಬಡ್ತಿ ಪಡೆಯುವವರು ಎಲ್ಲ ದೇಶಗಳಲ್ಲೂ ಇದ್ದಾರೆ.

ಬಾರ್ನ್ಸ್ 2001ರಲ್ಲಿ ಇಂಗ್ಲೆಂಡಿನ ರಾಷ್ಟ್ರೀಯ ರೆಫರಿಗಳ ಪಟ್ಟಿಗೆ ಸೇರಿದರು. 2005ರಲ್ಲಿ ಬ್ಯಾರಿಸ್ಟರ್ ವೃತ್ತಿಯನ್ನು ಬದಿಗಿಟ್ಟು ಪೂರ್ಣಾವಧಿ ರೆಫರಿಯಾದರು. 2023ರ ಅಕ್ಟೋಬರ್ 28ರಂದು ಪ್ಯಾರಿಸ್ ಹೊರವಲಯದಲ್ಲಿ ನಡೆದ ಫೈನಲ್‌ನಲ್ಲಿ ನ್ಯೂಜಿಲೆಂಡ್ ನಾಯಕ ಸ್ಯಾಮ್ ಕೇನ್‌ಗೆ ಅವರು ತೋರಿಸಿದ ಹಳದಿ ಕಾರ್ಡ್, ವಿಡಿಯೊ ಪರಿಶೀಲನೆಯ ನಂತರ ಕೆಂಪಾಯಿತು. ದಕ್ಷಿಣ ಆಫ್ರಿಕಾ 12-11ರಿಂದ ಗೆದ್ದಿತು. ನಿಂದನೆ, ಬೆದರಿಕೆಗಳು ಈ ಬಾರಿಯೂ ತಪ್ಪಲಿಲ್ಲ. 111 ಟೆಸ್ಟ್‌ಗಳಿಗೆ ಸೀಟಿ ಊದಿದ್ದ ಬಾರ್ನ್ಸ್ ಅದೇ ವಾರ ನಿವೃತ್ತಿ ಘೋಷಿಸಿದರು.